ಕಾಕಾ ಸಮ ಮಾಡಿದ ಗಿಟಾರು

ಮೊನ್ನೆ ನಮ್ಮ ಹೊಸ ಮನೆಯ ಕಿಟಕಿಗಳಿಗೆ ಸರಳು ಕೂಡಿಸಿದ ಕೆಲಸಗಾರ ಅಳತೆಪಟ್ಟಿ ಹಿಡಿದುಕೊಂಡು ನನ್ನನ್ನು ಕರೆದ. "ಯಾವ ಸಂದಿಗೆ ಬೇಕಾದ್ರೂ ಪಟ್ಟಿ ಹಚ್ಚಿ ನೋಡ್ರಿ ಮಾಸ್ತರ. ಒಂದ ನೂಲ ಫರಕ ಸಿಕ್ರ ನನ್ನ ಹೆಸರ ಬದಲಿ ಮಾಡ್ರಿ" ಎಂದ. ಬೇರೆಯವರಾಗಿದ್ದರೆ ಭೇಷ್ ಎಂದು ಅವನಿಗೊಂದು ಚಹಾ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಪಾಪ, ಅವನದೇನೂ ತಪ್ಪಿಲ್ಲ, ಕಿಟಕಿಯ ಸರಳು ಸಮವಾಗಿಯೇ ಇರಬೇಕು. ಆದರೆ ಸಮ ಅಂತರದಲ್ಲಿ ಸಾಲಾಗಿ ನಿಂತ ಏನನ್ನು ಕಂಡರೂ ನನಗೆ ಹೀಗಾಗುತ್ತದೆ. ಸಾಲೆಯಲ್ಲಿ ಮಕ್ಕಳು ಕೈ ಚಾಚಿ ಅಂತರ ನೋಡಿಕೊಂಡು ನಿಂತರೆ ಡ್ರಿಲ್ ಮಾಸ್ತರಿಗೆ ಸಂತೋಷ, ನನಗೆ ಸಂಕಟ. ನನ್ನ ಹೆಂಡತಿ ಇದನ್ನು ಪಿತ್ತ ಎನ್ನುತ್ತಾಳೆ. ಪಿತ್ತವಲ್ಲ, ಗಿಟಾರು.

ಬನಹಟ್ಟಿಯಲ್ಲಿ ಗಿಟಾರು ಎಲ್ಲಿಂದ ಬಂತು ಎಂದು ನೀವು ನಗಬಹುದು, ನಗಿರಿ. ನಮ್ಮೂರಲ್ಲಿ ಸೀರೆ ಮಾಡುತ್ತಾರೆ, ಧೋತರ ಮಾಡುತ್ತಾರೆ, ಗಿಟಾರು ಮಾಡುವುದಿಲ್ಲ. ಆದರೆ ಒಮ್ಮೆ ಮಾಡಿದ್ದೆವು. ನಾನು ಮತ್ತು ನನ್ನ ಕಾಕಾ ಮಲ್ಲಪ್ಪ. ಅದೂ ಕರೆಂಟಿನ ಗಿಟಾರು. ಕುತ್ತಿಗೆಯೂ ನಮ್ಮದೇ, ಮೈಯೂ ನಮ್ಮದೇ. ಟೇಪ್ ರೆಕಾರ್ಡರು ಇದ್ದವನ ಮನೆಯ ಮುಂದೆ ಓಣಿಯೆಲ್ಲ ಸೇರುತ್ತಿದ್ದ ಕಾಲ ಅದು.

ಈ ಕಥೆ ತಲೆಗೆ ಹೋಗಬೇಕಾದರೆ ಮೊದಲು ನಮ್ಮೂರಿನ ಗದ್ದಲ ತಲೆಗೆ ಹೋಗಬೇಕು. ಮನೆಮನೆಯಲ್ಲೂ ಪಾವರ್‌ಲೂಮು. ಗೋಡೆಯ ಆಚೆ ಮಗ್ಗ, ಈಚೆ ತೊಟ್ಟಿಲು. ನಾವೆಲ್ಲ ಆ ಖಟಕ್ ಪಟಕ್ ಕೇಳುತ್ತಲೇ ಮಲಗಿ ಬೆಳೆದವರು. ಕರೆಂಟು ಹೋಗಿ ಮಗ್ಗ ನಿಂತರೆ ಓಣಿಯ ಕೂಸುಗಳೆಲ್ಲ ಎಚ್ಚರವಾಗಿ ಅಳುತ್ತಿದ್ದವು. ನಮ್ಮಲ್ಲಿ ಮಾತಾಡುವುದೆಂದರೆ ಕೂಗುವುದೇ. ಜಮಖಂಡಿಯ ಬೀಗರು ಬಂದರೆ ಒಳಗೇನೋ ಜಗಳ ನಡೆದಿದೆ ಎಂದುಕೊಂಡು ಕಟ್ಟೆಯ ಮೇಲೇ ಕೂತುಬಿಡುತ್ತಿದ್ದರು. ನಾನು ಗಲಗಲಿಯ ಸಾಲೆಗೆ ಮಾಸ್ತರನಾಗಿ ಹೋದ ಮೊದಲ ದಿನ, ಮಕ್ಕಳಿಗೆ "ಕೂಡ್ರಿ" ಎಂದದ್ದಕ್ಕೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಅತ್ತುಬಿಟ್ಟಳು. ಹೆಡ್ ಮಾಸ್ತರರು ಬಂದು, "ಇಲ್ಲಿ ಹೊಳಿ ಬಿಟ್ರ ಯಾವ ಸಪ್ಪಳಾನೂ ಇಲ್ರಿ. ಸಾವಕಾಶ ಮಾತಾಡ್ರಿ, ಕೇಳಸ್ತೈತಿ" ಎಂದರು. ಸಾವಕಾಶ ಮಾತಾಡಿದರೂ ಕೇಳಿಸುತ್ತದೆ ಎನ್ನುವುದು ನನಗೆ ಆವತ್ತು ಗೊತ್ತಾದ ಹೊಸ ಸಂಗತಿ.

ಕಾಕಾ ಜಾಬರ್, ಅಂದರೆ ಮಗ್ಗ ಕೆಟ್ಟಾಗ ಬಂದು ಸರಿಮಾಡುವವನು. ವಯಸ್ಸೆಲ್ಲ ಮಗ್ಗದ ಹೊಟ್ಟೆಯೊಳಗೆ ತಲೆಯಿಟ್ಟೇ ಕಳೆದದ್ದರಿಂದ ಅವನ ಕಿವಿ ಹೆಚ್ಚುಕಡಿಮೆ ಹೋಗಿತ್ತು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ಅರ್ಧ ಹಿಡಿಯುತ್ತಿದ್ದ, ಉಳಿದರ್ಧವನ್ನು ತನಗೆ ಬೇಕಾದಂತೆ ತುಂಬಿಕೊಳ್ಳುತ್ತಿದ್ದ. ಕಿವಿಯ ಕೆಲಸವೂ ಕಣ್ಣಿನ ಮೇಲೇ ಬಿದ್ದದ್ದರಿಂದ ಕಣ್ಣು ಮಾತ್ರ ಬಲು ಚುರುಕು. ಶೆಡ್ಡಿನ ಬಾಗಿಲಲ್ಲಿ ನಿಂತೇ ಯಾವ ಮಗ್ಗದಲ್ಲಿ ಎಳೆ ಹರಿದಿದೆ ಎಂದು ಹೇಳಿಬಿಡುತ್ತಿದ್ದ. ಎಳೆಗಳ ನಡುವಿನ ಅಂತರ ಒಂದಿಷ್ಟು ಏರುಪೇರಾದರೂ ಬಟ್ಟೆಗೆ ಗೆರೆ ಬೀಳುತ್ತದೆ, ಗೆರೆ ಬಿದ್ದ ಬಟ್ಟೆಯನ್ನು ಸಾವುಕಾರ ಮುಖಕ್ಕೆ ಎಸೆಯುತ್ತಾನೆ. ಹೀಗಾಗಿ ಸಮ ಇಲ್ಲದ್ದನ್ನು ಕಂಡರೆ ಕಾಕಾನಿಗೆ ಊಟ ಸೇರುತ್ತಿರಲಿಲ್ಲ. ಅವನ ಹೆಂಡತಿ, ನನ್ನ ಚಿಗವ್ವ, ಬಿಸಿಲಿಗೆ ಹರವಿದ ಹಪ್ಪಳಗಳನ್ನೂ ಸರಿಸಿ ಸರಿಸಿ ಸಾಲಿಗೆ ತರುವ ಮನುಷ್ಯ. ನಮ್ಮಪ್ಪ ಬೇಗ ತೀರಿಕೊಂಡದ್ದರಿಂದ ನಾನು ಇವರಿಬ್ಬರ ಕೈಯಲ್ಲೇ ಬೆಳೆದವನು. ಊಟ, ಬಟ್ಟೆ, ಬೈಗುಳ ಎಲ್ಲ ಅಲ್ಲಿಂದಲೇ.

ಇನ್ನು ನನ್ನ ಹುಚ್ಚಿನ ವಿಷಯ. ನಮ್ಮೂರ ಟೇಲರ್ ಬಾಬಾಲಾಲ್ ಒಂದು ಆರ್ಕೆಸ್ಟ್ರಾ ಕಟ್ಟಿದ್ದ. ಚೌತಿ ಬಂದರೆ ಊರೂರಿನ ಗಣಪತಿಯ ಮುಂದೆ ಅವನ ಕಾರ್ಯಕ್ರಮ. ಹಾಡುವವನಿಗೆ ಮೈಕು, ಹಾರ್ಮೋನಿಯಂ ಬಾರಿಸುವ ಬಾಬಾಲಾಲನಿಗೆ ಮೈಕು, ತಬಲಾದವನಿಗೂ ಮೈಕು. ನನಗೆ ಕೊಟ್ಟದ್ದು ಗಿಲಕಿ. ಕೂಸುಗಳ ಮುಂದೆ ಆಡಿಸುತ್ತಾರಲ್ಲ, ಅದೇ ಜಾತಿಯದು, ತುಸು ದೊಡ್ಡದು. ಸ್ಟೇಜಿನ ಹಿಂದಿನ ಮೂಲೆಯಲ್ಲಿ, ಪರದೆಗೆ ಬೆನ್ನು ಹಚ್ಚಿ ನಿಂತು ಅದನ್ನು ಅಲ್ಲಾಡಿಸಬೇಕು. ಅಲ್ಲಾಡಿಸಿದರೂ ಆಯಿತು, ಬಿಟ್ಟರೂ ಆಯಿತು. ಒಮ್ಮೆ ಸಿಟ್ಟಿಗೆದ್ದು ಇಡೀ ಒಂದು ಹಾಡು ಸುಮ್ಮನೆ ನಿಂತೆ. ಯಾರಿಗೂ ಗೊತ್ತಾಗಲಿಲ್ಲ, ಅದು ಇನ್ನಷ್ಟು ಸಿಟ್ಟು ತರಿಸಿತು. ಆರ್ಕೆಸ್ಟ್ರಾದ ಗಿಟಾರನ್ನು ಬಿಡುವಿದ್ದಾಗಲೆಲ್ಲ ಮುಟ್ಟಿ ಮುಟ್ಟಿ, ಬಾರಿಸುವವನ ಬೆರಳು ನೋಡಿ ನೋಡಿ ನಾನೂ ನಾಲ್ಕು ಹಾಡಿಗೆ ಆಗುವಷ್ಟು ಕಲಿತಿದ್ದೆ. ಹುಟ್ಟಿದಾಗಿನಿಂದ ಮಗ್ಗದ ಗದ್ದಲದಲ್ಲಿ ಕೂಗಿಕೊಂಡು ಬದುಕಿದವನಿಗೆ ಒಂದೇ ಒಂದು ಆಸೆ ಇತ್ತು. ಒಂದು ಸಲ ಮುಂದೆ ನಿಂತು, ಮಂದಿಗೆ ಕೇಳಿಸಬೇಕು.

ಆ ವರ್ಷ ಚೌತಿಗೆ ಮೊದಲೇ ಸಾವಳಗಿಯಲ್ಲಿ ಒಂದು ಕಾರ್ಯಕ್ರಮ ಮುಗಿಸಿ ಬರುವಾಗ ಟೆಂಪೋ ಒಂದು ಗುಂಡಿಗೆ ಇಳಿದು, ಸ್ಪೀಕರಿನ ಪೆಟ್ಟಿಗೆ ಗಿಟಾರಿನ ಮೇಲೆ ಬಿತ್ತು. ಕುತ್ತಿಗೆ ತುದಿಯಲ್ಲಿ ಮುರಿಯಿತು, ಮೈ ಉದ್ದಕ್ಕೆ ಸೀಳಿತು. ಗಿಟಾರು ಬಾರಿಸುತ್ತಿದ್ದ ಜಮಖಂಡಿಯ ಹುಡುಗ ಅದನ್ನೇ ನೆಪ ಮಾಡಿಕೊಂಡು ಆರ್ಕೆಸ್ಟ್ರಾ ಬಿಟ್ಟ. ಮುಧೋಳದ ಗಣಪತಿ ಮಂಡಳಿಯವರು ಮಾತ್ರ ಗಿಟಾರು ಇರಲೇಬೇಕೆಂದು ಮೊದಲೇ ಹಟ ಹಿಡಿದಿದ್ದರು. ಬಾಬಾಲಾಲ್ ಸೀಳಿದ ಗಿಟಾರನ್ನು ತನ್ನ ಹೊಲಿಗೆ ಮಿಷನ್ನಿನ ಮೇಲೆ ಹರವಿ ನನ್ನನ್ನು ಕರೆಸಿದ.

"ಮಾಸ್ತರ, ತಂತಿ ಬಿಗಿಯೋ ಕಿವಿ ಛಲೋ ಅದಾವ, ತಂತಿ ಛಲೋ ಅದಾವ, ದನಿ ಹಿಡಿಯೋ ಲೋಹಚುಂಬಕಾನೂ ಛಲೋ ಐತಿ. ಹೋಗಿದ್ದ ಬರೇ ಕಟ್ಟಿಗಿ. ಒಂದ ಕುತಿಗಿ, ಒಂದ ಮೈ ಮಾಡಿಸ್ಕೊಂಡ ಬಾ. ಮುಂದ ನೀನ ನಿಂದ್ರು."

"ಖರೇನರಿ ಬಾಬಾಲಾಲಭಾಯಿ?"

"ಖರೆ. ಮಾಡಿಸದಿದ್ರ ಗಿಲಕಿ ಎಲ್ಲಿ ಇಡ್ತೀವಿ ಅನ್ನೂದು ನಿನಗ ಗೊತ್ತೈತಿ."

ಮೈಯ ತುಂಡುಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು, ಕುತ್ತಿಗೆಯನ್ನು ಬಗಲಲ್ಲಿ ಹಿಡಿದು ಮನೆಗೆ ಬಂದೆ. ಚಿಗವ್ವ ಬಾಗಿಲಲ್ಲೇ ಅದೇನೆಂದು ಕೇಳಿದಳು. ಅವಳಿಗೆ ತಿಳಿಯಲೆಂದು, "ಹಲಗಿ ಚಿಗವ್ವಾ, ಹೊಸಾ ಹಲಗಿ ಮಾಡೂದೈತಿ, ತಂತಿ ಕಟ್ಟಾಕ" ಎಂದೆ. ನಮ್ಮ ಕಡೆ ಹಲಗಿ ಎಂದರೆ ಕಟ್ಟಿಗೆಯ ಹಲಗೆಯೂ ಹೌದು, ಹೋಳಿಯಲ್ಲಿ ಬಾರಿಸುವ ಚರ್ಮದ ವಾದ್ಯವೂ ಹೌದು. ಅವಳು ಸೆರಗು ಬಾಯಿಗೆ ಹಚ್ಚಿ, "ಹೋಳಿಹುಣ್ಣಿವಿ ಯಾವಾಗೋ ಹೋತು. ಗಣಪ್ಪ ಬರೂ ಹೊತ್ತಿನ್ಯಾಗ ಸಾಲಿ ಮಾಸ್ತರ ಆದಾಂವ ಹಲಗಿ ಬಡಕೋತ ಅಡ್ಡಾಡ್ತಾನಂದ್ರ ಕನ್ಯಾ ಯಾರ ಕೊಡ್ತಾರ?" ಎಂದಳು. ಸಂಜೆಯ ಹೊತ್ತಿಗೆ ನಾನು ಹಲಗಿ ಬಾರಿಸಲು ಹೊರಟ ಸುದ್ದಿ ಓಣಿಯ ತುಂಬ ಹಬ್ಬಿತ್ತು.

ಕಾಕಾನಿಗೆ ತಿಳಿಸುವುದು ಇದಕ್ಕಿಂತ ದೊಡ್ಡ ಪಡಿಪಾಟಲು. ಅವನು ಸೀಳಿದ ಮೈಯನ್ನು ತಿರುವಿ ಮುರುವಿ ನೋಡಿ, "ಇದರಾಗ ಪೊಳ್ಳ ಎಲ್ಲಿ ಐತಿ?" ಎಂದ. ಪೊಳ್ಳು ಇರುವುದಿಲ್ಲ, ಇದು ಗಟ್ಟಿ ಕಟ್ಟಿಗೆಯದೇ ಎಂದು ಕೂಗಿದೆ.

"ಪೊಳ್ಳ ಇರಲಾರದ ದನಿ ಎಲ್ಲಿಂದ ಬರತೈತಿ? ತಂಬೂರಿಗೆ ಕುಂಬಳಕಾಯಿ ಯಾಕ ಇರತೈತಿ?"

"ಕರೆಂಟಿನಿಂದ ದನಿ ಬರತೈತಿ ಕಾಕಾ."

"ಕರೆಂಟ ಹೋದ್ರ?"

"ಬರೂದಿಲ್ಲ."

"ಹಂಗಾರ ಇದ ವಾದ್ಯ ಅಲ್ಲ. ಮೋಟರು" ಎಂದು ತೀರ್ಪು ಕೊಟ್ಟ. ನೋಡಲು ಬಂದ ನೆರೆಹೊರೆಯವರೂ ಒಬ್ಬರಾದ ಮೇಲೆ ಒಬ್ಬರು ಅದೇ ಪ್ರಶ್ನೆ ಕೇಳಿದರು. ನಾನು ಅದೇ ಉತ್ತರ ಕೂಗಿದೆ. ಗಂಟಲು ಕಟ್ಟಿತು. ಆದರೆ ಮೋಟರು ಎಂದುಕೊಂಡ ಕೂಡಲೇ ಕಾಕಾನಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಮೋಟರು ಅವನ ರಾಜ್ಯ. ಮರುದಿನವೇ ಕೆಲಸ ಶುರುವಾಯಿತು.

ಮೈಗೆ ಹಗುರಾದ ಕಟ್ಟಿಗೆ ಬೇಕು, ಹೆಗಲಿಗೆ ಹಾಕಿಕೊಂಡು ನಿಲ್ಲಬೇಕು ಎಂದು ಹೇಳಿದ್ದೆ. ಕಾಕಾ ಜಾಲಿ ತಂದ. ಬಂಡಿಗೆ ಹಾಕುವ ಜಾಲಿ. "ನಿನ್ನ ಮಮ್ಮಕ್ಕಳ ಕಾಲಕ್ಕೂ ಏನೂ ಆಗೂದಿಲ್ಲ" ಎಂದ. ನನಗೆ ಮದುವೆಯೇ ಆಗಿರಲಿಲ್ಲ. ಕೊರೆಯುವಾಗ ಎರಡು ಗರಗಸದ ಹಲ್ಲು ಹೋದವು. ಅದನ್ನು ಎತ್ತಲು ನೋಡಿದೆ, ನೊಗ ಎತ್ತಿದಂತಾಯಿತು. ಹೆಗಲಿಗೆ ತೂಗುಹಾಕಲು ಮೋಟರಿನ ಹಳೆಯ ಚರ್ಮದ ಪಟ್ಟಾವನ್ನೇ ಕತ್ತರಿಸಿದ. ಬೇರೆ ಯಾವ ಪಟ್ಟಿಯೂ ಆ ಭಾರ ತಾಳುತ್ತಿರಲಿಲ್ಲ. ಕುತ್ತಿಗೆಗೆ ಮಾತ್ರ ನನ್ನ ಅದೃಷ್ಟಕ್ಕೆ ಅಟ್ಟದ ಮೇಲೆ ಬಿದ್ದಿದ್ದ ಅಜ್ಜನ ಕುಣಿಮಗ್ಗದ, ಅಂದರೆ ಕುಣಿಯಲ್ಲಿ ಕಾಲಿಟ್ಟು ನೇಯುವ ಕೈಮಗ್ಗದ, ಸಾಗವಾನಿ ದಿಂಡು ಸಿಕ್ಕಿತು. ಅದನ್ನು ಕೆತ್ತಿ, ಅಂಗೈಗೆ ಹೊಂದುವಂತೆ ಹಿಂಬದಿಯನ್ನು ದುಂಡಗೆ ಮಾಡಿ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದ್ದನ್ನು ಕಂಡಾಗ ನನಗೆ ಸಿಟ್ಟೆಲ್ಲ ಇಳಿದು ಕಣ್ಣು ತುಂಬಿ ಬಂತು. ಇದನ್ನು ಹೇಳದಿದ್ದರೆ ಕಾಕಾನಿಗೆ ಅನ್ಯಾಯವಾಗುತ್ತದೆ.

ಆದರೆ ಅವನು ನನ್ನನ್ನು ಬಹಳ ಹೊತ್ತು ಹಾಗೆ ಇರಗೊಡುವವನಲ್ಲ. ಹಳೆಯ ಗಿಟಾರಿನ ಮೈಗೆ ಮೇಲ್ಗಡೆ ಎರಡು ಕೋಡು ಇದ್ದವು, ಒಂದು ಉದ್ದ, ಒಂದು ಗಿಡ್ಡ. ಕಾಕಾ ಅವನ್ನು ಗೇಣು ಹಾಕಿ ನೋಡಿ ತಲೆಯಾಡಿಸಿದ. "ಎತ್ತಿಗೆ ಹಿಂಗ ಇದ್ರ ಸಂತ್ಯಾಗ ಯಾರೂ ಮೂಸಿ ನೋಡೂದಿಲ್ಲ" ಎಂದು ಎರಡನ್ನೂ ಸಮ ಮಾಡಿದ. ಕೋಡಿನಿಂದ ದನಿ ಬರುವುದಿಲ್ಲ, ಇರಲಿ ಎಂದು ಸುಮ್ಮನಾದೆ. ಆವತ್ತೇ ನನಗೆ ಹೊಳೆಯಬೇಕಿತ್ತು.

ಉಳಿದದ್ದು ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳು. ತಂತಿಯನ್ನು ಯಾವ ಪಟ್ಟಿಯ ಹಿಂದೆ ಒತ್ತುತ್ತೀರೋ ಅದಕ್ಕೆ ತಕ್ಕ ಸ್ವರ. ಹಳೆಯ ಕುತ್ತಿಗೆಯ ಪಟ್ಟಿಗಳನ್ನು ಕಿತ್ತು ಹೊಸದಕ್ಕೆ, ಅದೇ ಜಾಗ ಅಳೆದು, ಬಡಿಯಬೇಕಿತ್ತು. ಇವುಗಳಿಗೆ ಏನೆನ್ನುತ್ತಾರೆ ಎಂದು ಕಾಕಾ ಕೇಳಿದ. ಬಾಬಾಲಾಲ್ ಅವಕ್ಕೆ ಇಂಗ್ಲಿಷಿನಲ್ಲಿ ಏನೋ ಅನ್ನುತ್ತಿದ್ದ. ನಾನು ಕನ್ನಡ ಸಾಲೆಯ ಮಾಸ್ತರ, ಕನ್ನಡದ ಅಭಿಮಾನ ಬಿಡಲು ಆಗುತ್ತದೆಯೇ? ವೀಣೆಗೆ ಹೇಳುವ ಮಾತನ್ನು ನೆನೆಸಿಕೊಂಡು ಬಾಯಿ ಅಗಲಿಸಿ, ಅವನ ಕಣ್ಣಿಗೆ ಸರಿಯಾಗಿ ಕಾಣುವಂತೆ, "ಮೆಟ್ಟಿಲು" ಎಂದೆ. ಕಾಕಾ ತಿಳಿಯಿತು ಎಂದು ಕೈ ಎತ್ತಿದ. ನಾನು ನಿಶ್ಚಿಂತೆಯಿಂದ ಸೋಮವಾರ ಗಲಗಲಿಯ ಬಸ್ಸು ಹತ್ತಿದೆ.

ಶನಿವಾರ ಬೆಳಗಿನ ಸಾಲೆ ಮುಗಿಸಿ ಬಂದೆ. ಭಾನುವಾರವೇ ಮುಧೋಳದ ಕಾರ್ಯಕ್ರಮ. ಕಾಕಾ ಶೆಡ್ಡಿನಲ್ಲಿ ಮಗ್ಗಗಳ ನಡುವೆ ನಿಂತು ಗಿಟಾರನ್ನು ಕೂಸಿನಂತೆ ಎರಡೂ ಕೈಯಲ್ಲಿ ಹಿಡಿದು ನನಗೆ ತೋರಿಸಿದ. ಎಣ್ಣೆ ಹಚ್ಚಿ ಉಜ್ಜಿದ್ದ, ಫಳಫಳ ಹೊಳೆಯುತ್ತಿತ್ತು. ಕುತ್ತಿಗೆ ನೋಡಿದೆ. ಪಟ್ಟಿಗಳೆಲ್ಲ ಈ ತುದಿಯಿಂದ ಆ ತುದಿಯವರೆಗೆ ಸಮ ಸಮ ಸಮ.

ಗಿಟಾರು ಕಂಡವರಿಗೆ ಗೊತ್ತು. ಆ ಪಟ್ಟಿಗಳು ಮೇಲ್ತುದಿಯಲ್ಲಿ ದೂರ ದೂರ ಇದ್ದು, ಮೈ ಹತ್ತಿರ ಬಂದಂತೆ ಒತ್ತಿಕೊಳ್ಳುತ್ತ ಹೋಗುತ್ತವೆ. ಹಾಗಿದ್ದರೇ ಸ್ವರ. ಕಾಕಾ ಗದ್ದಲದ ಮೇಲೆ ದನಿ ಏರಿಸಿ ವಿವರಿಸಿದ. "ಆ ಕಂಪನಿ ಮಂದಿ ಏನ ಕುಡದ ಮಾಡಿದ್ರೋ ಏನೋ ತಮ್ಮಾ. ಮೊದಲನೇ ಮೆಟ್ಟಲು ಅಗಲ, ಆಮ್ಯಾಲ ಸಣ್ಣ, ಆಮ್ಯಾಲ ಇನ್ನೂ ಸಣ್ಣ. ಕಡೀಕ ಜಾಗಾ ಸಾಲಲಾರದ ಒತ್ತಿ ಒತ್ತಿ ಬಡದಾರ. ಮೊದಲನೇದೂ ಕಡೀದೂ ಹಿಡಕೊಂಡು ನಡುವಿಂದೆಲ್ಲಾ ಪಾಲ ಮಾಡಿದ್ನಿ. ಮೆಟ್ಟಲು ಸಮ ಇರಲಾರದಿದ್ರ ಮಂದಿ ಎಡವೂದಿಲ್ಲೇನು?"

ನಾನು ಕೂಗಿದೆ. "ಕಾಕಾ, ಇದು ತಪ್ಪ ಐತಿ."

ಕಾಕಾನ ಮುಖ ಅರಳಿತು. "ಹೂಂ, ಒಪ್ಪ ಐತಿ" ಎಂದ.

ತುಟಿ ನೋಡುವವನಿಗೆ ತಪ್ಪೂ ಒಂದೇ, ಒಪ್ಪವೂ ಒಂದೇ. ಎರಡಕ್ಕೂ ತುಟಿ ಮುಚ್ಚಬೇಕು, ತೆರೆಯಬೇಕು. ನಾನು ಮತ್ತೆ ತಪ್ಪು ಎಂದೆ, ಅವನು ಮತ್ತೆ ಒಪ್ಪ ಎಂದು ನನ್ನ ಬೆನ್ನು ಚಪ್ಪರಿಸಿದ. ಕೊನೆಗೆ ಹಳೆಯ ಕುತ್ತಿಗೆ ತಾ ಎಂದು ಕೈಸನ್ನೆ ಮಾಡಿದೆ. ಎರಡನ್ನೂ ಒತ್ತಟ್ಟಿಗೆ ಇಟ್ಟು ತೋರಿಸಿದರೆ ಕಣ್ಣಿಗಾದರೂ ಕಾಣುತ್ತದಲ್ಲ. ಕಾಕಾ ಬಚ್ಚಲ ಕಡೆ ಕೈ ಮಾಡಿದ. ಚಿಗವ್ವ ಅಲ್ಲಿಂದಲೇ, "ಹೊಸಾದು ಆತಲ್ಲ ಅಂತ ನೀರ ಕಾಸಾಕ ಹಚ್ಚಿದ್ನಿ. ಛಲೋ ಉರೀತ ನೋಡು ಕಟ್ಟಿಗಿ" ಎಂದಳು. ಅಳತೆ ಹೋಯಿತು. ಸಾಕ್ಷಿಯೂ ಹೋಯಿತು. ಆ ನೀರಿನಲ್ಲಿ ಸ್ನಾನ ಮಾಡಿದವನು ನಾನೇ.

ಅಂದು ಸಂಜೆ ತಂತಿ ಬಿಗಿದು ಕೂತೆ. ಗಟ್ಟಿ ಕಟ್ಟಿಗೆಯ ಗಿಟಾರು ಕರೆಂಟಿಲ್ಲದೆ ಸೊಳ್ಳೆಯಷ್ಟೂ ದನಿ ಮಾಡುವುದಿಲ್ಲ, ಸುತ್ತ ಮಗ್ಗ ಬೇರೆ. ಕಿವಿಯನ್ನು ಜಾಲಿಗೆ ಒತ್ತಿ ಕೇಳಿದೆ. ಏನೋ ಕೇಳಿದಂತಾಯಿತು, ಸರಿ ಇರಬಹುದು ಎನ್ನಿಸಿತು. ಗಿಲಕಿಯನ್ನು ನೆನೆಸಿಕೊಂಡ ಮನುಷ್ಯನಿಗೆ ಏನು ಬೇಕಾದರೂ ಸರಿ ಎನ್ನಿಸುತ್ತದೆ.

ಎಲ್ಲಿಗೂ ಹೋಗದ ಕಾಕಾ ಮುಧೋಳಕ್ಕೆ ಹೊರಟು ನಿಂತ. ಇಸ್ತ್ರಿ ಮಾಡಿದ ಧೋತರ, ತಲೆಗೆ ಪಟಗ. ಟೆಂಪೋದಲ್ಲಿ ಗಿಟಾರನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡ, ಸ್ಪೀಕರಿನ ಪೆಟ್ಟಿಗೆಯನ್ನು ಹತ್ತಿರ ಸುಳಿಯಗೊಡಲಿಲ್ಲ. ಮಧ್ಯಾಹ್ನ ಪೆಂಡಾಲಿನಲ್ಲಿ ಕಾಕಾ ಗಣಪತಿಯ ದರ್ಶನಕ್ಕೆ ಹೋದಾಗ, ಬಾಬಾಲಾಲ್ ವಾಯರ್ ಚುಚ್ಚಿ ಬಾರಿಸು ಎಂದ. ಬರೀ ತಂತಿ ಮೀಟಿದೆ, ಛಲೋ ದನಿ. ಬಾಬಾಲಾಲನ ಕಣ್ಣು ಹೊಳೆಯಿತು. ಬೆರಳು ಒತ್ತಿ ಮೀಟಿದೆ. ಗಣಪತಿಯ ಹತ್ತಿರ ಮಲಗಿದ್ದ ನಾಯಿ ಎದ್ದು ಹೋಯಿತು. ಎಲ್ಲ ಸ್ವರವೂ ಇರಬೇಕಾದದ್ದಕ್ಕಿಂತ ಇಳಿದು, ಒಂದಕ್ಕೊಂದು ಜಗಳ ಆಡುತ್ತಿದ್ದವು. ಸರಿಯಾಗಿದ್ದದ್ದು ಬರೀ ತಂತಿ, ಮತ್ತೆ ಕಾಕಾ ಇದ್ದಲ್ಲೇ ಬಿಟ್ಟ ತುದಿಯ ಆ ಎರಡು ಪಟ್ಟಿ. ಅವುಗಳಿಂದ ಯಾವ ಹಾಡೂ ಆಗುವುದಿಲ್ಲ.

ಬಾಬಾಲಾಲ್ ಬಗ್ಗಿ ವಾಯರ್ ಕಿತ್ತು ನನ್ನ ಕೈಯಲ್ಲಿ ಇಟ್ಟ.

"ಮುಂದ ನಿಂದ್ರು, ಮಾಸ್ತರ. ಕೊಟ್ಟ ಮಾತು ಮುರಿಯೂದಿಲ್ಲ. ಕೈ ಆಡಸು, ತಲಿ ಆಡಸು. ಇದನ್ನ ಮಾತ್ರ ಚುಚ್ಚಬ್ಯಾಡ."

"ಹಂಗಾರ ಕೇಳಸೂದಿಲ್ಲಲ್ರಿ ಭಾಯಿ."

"ಮುಧೋಳದ ಮಂದಿ ಗಿಟಾರ ಇರಬೇಕಂದಾರ. ಕೇಳಸ್ಬೇಕಂತ ಅಂದಿಲ್ಲ."

ಹೀಗೆ ನಾನು ಮುಂದೆ ನಿಂತೆ. ಬಣ್ಣದ ದೀಪ ನೇರ ನನ್ನ ಮೇಲೆ. ಹೆಗಲು ಹರಿದು ಬೀಳುವಷ್ಟು ಭಾರ, ಕೈ ಮೇಲೆ ಕೆಳಗೆ, ತಲೆ ಆಚೆ ಈಚೆ, ದನಿ ಎಂಬುದಿಲ್ಲ. ಗಿಲಕಿಯಾದರೂ ಗಿಲ್ ಅನ್ನುತ್ತಿತ್ತು. ಕಾಕಾ ಮುಂದಿನ ಸಾಲಿನಲ್ಲಿ ಸ್ಪೀಕರಿನ ಬುಡಕ್ಕೇ ಕೂತು ನನ್ನನ್ನು ಬಿಟ್ಟರೆ ಬೇರೆ ಯಾರನ್ನೂ ನೋಡಲಿಲ್ಲ. ಪ್ರತಿ ಹಾಡಿಗೂ ಎಲ್ಲರಿಗಿಂತ ಮೊದಲು ಚಪ್ಪಾಳೆ ಅವನದೇ. ಪಕ್ಕದವರ ತೊಡೆ ತಟ್ಟಿ ನನ್ನ ಕಡೆ ಬೆರಳು ತೋರಿಸುತ್ತಿದ್ದ. ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ವರ್ಷ ಕಾದು ಕಾದು ಸಿಕ್ಕ ಒಂದು ಅವಕಾಶವನ್ನು ಅಳತೆಪಟ್ಟಿ ಹಿಡಿದು ಸಮ ಮಾಡಿ ಕೊಂದವನು, ಅಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಾನೆ. ನಾಳೆ ಹೇಳಿಯೇ ಬಿಡುತ್ತೇನೆ, ಕೂಗಿಯಾದರೂ ಹೇಳುತ್ತೇನೆ ಎಂದುಕೊಂಡು ತಲೆ ಆಡಿಸಿದೆ.

ಬೆಳಿಗ್ಗೆ ಮುಧೋಳದ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಬ್ಬರೂ ಚುರುಮುರಿಯ ಸೂಸಲಾ, ಮಿರ್ಚಿಭಜಿ ಮುಂದಿಟ್ಟುಕೊಂಡು ಕೂತಿದ್ದೆವು. ಗಿಟಾರು ಬೆಂಚಿನ ಮೇಲೆ ನಮ್ಮ ನಡುವೆ. ಜನ ಕಿಕ್ಕಿರಿದಿದ್ದರು. ಯಾವಾಗಲೂ ಊರು ಕೇಳುವಂತೆ ಮಾತಾಡುವ ಕಾಕಾ ಆವತ್ತು ದನಿ ಇಳಿಸಿದ. ಅವನಿಗೆ ಸಣ್ಣ ದನಿಯೂ ಬರುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ.

"ನಿನ್ನ ವಾಯರ್ ಹೊರಗ ಜೋತಾಡಾಕತ್ತಿತ್ತಲ್ಲೋ ತಮ್ಮಾ" ಎಂದ. "ಮೊದಲನೇ ಹಾಡಿನ್ಯಾಗ ನೋಡಿದ್ನಿ."

ಹರಿದ ಎಳೆಯನ್ನು ಶೆಡ್ಡಿನ ಬಾಗಿಲಿನಿಂದಲೇ ಕಾಣುವವನಿಗೆ ಜೋತುಬಿದ್ದ ಅಷ್ಟು ದಪ್ಪದ ವಾಯರ್ ಕಾಣದೇ ಇರುತ್ತದೆಯೇ? ಎಲ್ಲ ಗೊತ್ತಿದ್ದೇ ಅವನು ಮುಗಿಯುವವರೆಗೆ ಚಪ್ಪಾಳೆ ತಟ್ಟಿದ್ದ.

"ಮೆಟ್ಟಲು ತಪ್ಪಿದ್ವೇನು?" ಎಂದು ಕೇಳಿದ.

ಹೇಳಬೇಕೆಂದು ರಾತ್ರಿಯೆಲ್ಲ ಸಿದ್ಧಮಾಡಿಕೊಂಡಿದ್ದ ಬೈಗುಳ ಒಂದೂ ನೆನಪಿಗೆ ಬರಲಿಲ್ಲ. ಹೌದು ಎಂದು ತಲೆಯಾಡಿಸಿದೆ. ಅದು ಸಾಲದೆಂಬಂತೆ ಅವನು ನನ್ನ ತುಟಿಯನ್ನೇ ನೋಡುತ್ತ ಕೂತ. ಅವನಿಗೆ ಹೇಳುವುದೆಂದರೆ ಕೂಗುವುದೇ.

"ಅವು ಸಮ ಇರಬಾರದ ಕಾಕಾ. ಮೊದಲ ಅಗಲ ಇರಬೇಕು, ಆಮ್ಯಾಲ ಸಣ್ಣ ಆಗಬೇಕು. ಆ ಕಂಪನಿಯವರ ಮಾಡಿದ್ದ ಖರೆ ಇತ್ತು."

ಹೋಟೆಲಿನ ಮಂದಿಯೆಲ್ಲ ತಿರುಗಿದರು. ಬಸ್ಸಿಗೆ ಓಡುತ್ತಿದ್ದವರೂ ನಿಂತು ನೋಡಿದರು. ಮುಧೋಳದ ಮಂದಿ ನನ್ನ ದನಿ ಕೇಳಿದ್ದು ಅದೇ ಮೊದಲು.

ಕಾಕಾ ಭಜಿಯ ಎಣ್ಣೆಯನ್ನು ಕಾಗದಕ್ಕೆ ಒರೆಸಿಕೊಂಡ. ಗಿಟಾರಿನ ಕುತ್ತಿಗೆಯ ಮೇಲೆ, ಮೇಲಿನಿಂದ ಕೆಳಗೆ, ಒಂದೊಂದೇ ಪಟ್ಟಿಯನ್ನು ಮುಟ್ಟುತ್ತ ಬೆರಳು ಎಳೆದ. ಇಷ್ಟು ಒಪ್ಪವಾದ ಕೆಲಸ ತಪ್ಪಾಗುವುದು ಹೇಗೆಂದು ಅವನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಆಮೇಲೆ ಸುತ್ತ ಒಮ್ಮೆ ನೋಡಿ, ನನ್ನ ಕಡೆ ಬಾಗಿ, ಇನ್ನೂ ಸಣ್ಣ ದನಿಯಲ್ಲಿ ಹೇಳಿದ.

"ಕಿತ್ತ ಮತ್ತ ಬಡೀತೀನಿ. ಸೊಟ್ಟ ಬೇಕಂದ್ರ ಸೊಟ್ಟನ ಮಾಡಿ ಕೊಡ್ತೀನಿ, ಮುಂದಿನ ವರ್ಷ ಕೇಳಸಲಿ. ಆದ್ರ ನಾ ಮಾಡಿದ್ದಂತ ಬನಹಟ್ಟ್ಯಾಗ ಯಾರ ಮುಂದೂ ಹೇಳಬ್ಯಾಡ."